ಚಂಪಕ್ಕನ ಹಸಿರು ಬೀರು

ನಮ್ಮೂರಿನಲ್ಲಿ ಮದುವೆಯಾದವರು ಬರುತ್ತಿದ್ದರೆ ಕಾಣಿಸುವುದಕ್ಕೆ ಮೊದಲು ಕೇಳಿಸುತ್ತಾರೆ. ನಾನು ಬಂದರೆ ಗಡಿಯಾರದ ಸದ್ದು. ಮೂವತ್ತು ವರ್ಷದ ಹಿಂದೆ ನಮ್ಮ ಮದುವೆಗೆ ಒಂಬತ್ತು ಜನ ಒಬ್ಬರನ್ನೊಬ್ಬರು ಕೇಳದೆ ಒಂಬತ್ತು ಗೋಡೆ ಗಡಿಯಾರ ಕೊಟ್ಟರು. ನಾನೂ ನನ್ನ ಹೆಂಡತಿ ಪಂಕಜಳೂ ಬೀದಿಯ ತಿರುವು ದಾಟಿದ ಕೂಡಲೇ ಅವು ಗೋಡೆಯಿಂದ ಇಳಿದು, ಅಂಚಿನ ಮೇಲೆ ಉರುಳುತ್ತ ನಮ್ಮ ಹಿಂದೆ ಹೊರಡುತ್ತವೆ. ಅವುಗಳ ಹಿಂದೆ ಆರು ಸ್ಟೀಲ್ ಡಬ್ಬಿ, ಎರಡು ಕುರ್ಚಿ, ಒಂದು ಟೀಪಾಯಿ. ಎಲ್ಲಕ್ಕಿಂತ ಮುಂದೆ, ಎಲ್ಲಕ್ಕಿಂತ ಜೋರಾಗಿ, ನಮ್ಮ ಅಕ್ಕ ಕೊಟ್ಟ ಹಾಲಿನ ಪಾತ್ರೆ. ನಾವಿಬ್ಬರೂ ಬೇರೆ ಬೇರೆ ಕಡೆ ಹೊರಟರೆ ಅರ್ಧ ನನ್ನ ಪಾಲಿಗೆ, ಅರ್ಧ ಅವಳ ಪಾಲಿಗೆ. ಗಡಿಯಾರಗಳಲ್ಲಿ ಈಗ ಓಡಾಡುವುದು ಐದೇ. ಎರಡು ನನ್ನವು, ಎರಡು ಅವಳವು, ಐದನೆಯದು ಮೂವತ್ತು ವರ್ಷವಾದರೂ ಯಾರ ಕಡೆ ಎಂದು ತೀರ್ಮಾನ ಮಾಡದೆ ತಿರುವಿನಲ್ಲಿ ನಿಂತು ಅತ್ತಿತ್ತ ಹೊರಳುತ್ತಿರುತ್ತದೆ. ಅದನ್ನು ಕೊಟ್ಟ ಮಹಾಶಯರೂ ಹಾಗೇ ಇದ್ದಾರೆ.

ಕಟ್ಟಳೆ ಸರಳವಾದದ್ದು. ಮದುವೆಯ ದಿನ, ಮಂಟಪದೊಳಗೆ, ಕೈಯಿಂದ ಕೈಗೆ ಏನು ಕೊಟ್ಟರೂ ಅದು ತೆಗೆದುಕೊಂಡವರ ಹಿಂದೆ ಬೀಳುತ್ತದೆ. ದೊಡ್ಡ ಸಾಮಾನಾದರೆ ಅದರ ಬೀಗದ ಕೈಯನ್ನೋ ಅದಕ್ಕೆ ಕಟ್ಟಿದ ದಾರವನ್ನೋ ಕೈಗಿಟ್ಟರೂ ಆಯಿತು. ಮಂಟಪದ ಹೊರಗೆ ಕೊಟ್ಟದ್ದಕ್ಕೆ ಈ ಬಾಧೆ ಇಲ್ಲ. ಅದಕ್ಕೇ ನಾವು ಮದುವೆಗೆ ಬಂದವರಿಗೆ ತಾಂಬೂಲವನ್ನು ಛತ್ರದ ಬಾಗಿಲಾಚೆ ನಿಂತು ಕೊಡುವುದು. ನಾನೂರು ತೆಂಗಿನಕಾಯಿ ನಾನೂರು ಜನರ ಹಿಂದೆ ಉರುಳಿಕೊಂಡು ಹೋದರೆ ಊರಿನ ಗತಿ ಏನಾಗಬೇಕು.

ಊರು ಇದಕ್ಕೆಲ್ಲ ಒಗ್ಗಿಕೊಂಡಿದೆ. ಟಾಕೀಸಿನ ಪಕ್ಕ ಸೈಕಲ್ ಸ್ಟ್ಯಾಂಡಿಗಿಂತ ದೊಡ್ಡದಾದ ಸಾಮಾನು ಸ್ಟ್ಯಾಂಡ್ ಇದೆ. ಬಸ್ಸಿನಲ್ಲಿ ಕಂಡಕ್ಟರು ಎಷ್ಟು ಜನ ಎಂದು ಕೇಳಿ, ಸಾಮಾನೆಷ್ಟು ಎಂದೂ ಕೇಳುತ್ತಾನೆ. ಮಂಚ ಇದ್ದವರನ್ನು ಹತ್ತಿಸುವುದಿಲ್ಲ. ಡಾಕ್ಟರ ಹತ್ತಿರ ಹೋದಾಗ ಒಳಗೆ ಇಣುಕಬೇಕಾಗಿಲ್ಲ, ಜಗಲಿಯ ಮೇಲೆ ಸಾಲಾಗಿ ಕೂತ ಮಿಕ್ಸಿ ಕುಕ್ಕರುಗಳನ್ನು ನೋಡಿದರೆ ಯಾರು ಯಾರು ಬಂದಿದ್ದಾರೆಂದು ಗೊತ್ತಾಗುತ್ತದೆ. ನಮ್ಮ ಪಕ್ಕದ ಮನೆಯ ಗುರುಬಸಪ್ಪ ಸಂಜೆ ವಾಕಿಂಗ್ ಹೋಗಿಬರುತ್ತೇನೆಂದು ಹೆಂಡತಿಗೆ ಹೇಳಿ ಇಸ್ಪೀಟ್ ಕ್ಲಬ್ಬಿನಲ್ಲಿ ಕೂರುತ್ತಿದ್ದ. ಅವನ ಎರಡು ಹಿತ್ತಾಳೆ ಕೊಡಗಳು ಕ್ಲಬ್ಬಿನ ಮೆಟ್ಟಿಲ ಮೇಲೆ ಊರಿಗೆಲ್ಲ ಕಾಣುವ ಹಾಗೆ ಕೂತಿರುತ್ತಿದ್ದವು. ಆಕೆ ಒಂದು ದಿನ ಬಂದು ಎರಡಕ್ಕೂ ಕಂಠಮಟ್ಟ ನೀರು ತುಂಬಿಸಿ ಹೋದಳು. ಗುರುಬಸಪ್ಪ ಆವತ್ತು ದಾರಿಯುದ್ದಕ್ಕೂ ಬೀದಿ ತೋಯಿಸಿಕೊಂಡು ಮನೆಗೆ ಬಂದ, ಮತ್ತೆ ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಕೊಟ್ಟವರು ಬದುಕಿರುವ ತನಕ ಮಾತ್ರ ಸಾಮಾನು ನಡೆಯುತ್ತದೆ. ಅವರು ಎಲ್ಲೇ ಇರಲಿ, ತೀರಿಕೊಂಡ ಗಳಿಗೆಯಲ್ಲಿ ಅದು ಇದ್ದಲ್ಲೇ ನಿಂತುಬಿಡುತ್ತದೆ. ಪಂಕಜಳ ಸೋದರಮಾವ ಕೊಟ್ಟ ಗಡಿಯಾರ ತರಕಾರಿ ಮಾರ್ಕೆಟ್ಟಿನಲ್ಲಿ, ಅವಳು ಹೀರೇಕಾಯಿಗೆ ಚೌಕಾಸಿ ಮಾಡುತ್ತಿದ್ದಾಗ, ಮಗ್ಗುಲಾಗಿ ಬಿತ್ತು. ಅವಳು ಹೀರೇಕಾಯಿ ಕೆಳಗಿಟ್ಟು, ಗಡಿಯಾರವನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಳು. ಕಾಗದ ಬಂದದ್ದು ನಾಲ್ಕು ದಿನದ ಮೇಲೆ. ನಮ್ಮ ಗೋಡೆಯ ಮೇಲೆ ಅಂಥ ನಾಲ್ಕು ಗಡಿಯಾರಗಳು ಸುಮ್ಮನಿವೆ. ಅವನ್ನು ಪಂಕಜ ವಾರಕ್ಕೊಮ್ಮೆ ಒರೆಸುತ್ತಾಳೆ.

ಇನ್ನು ನನ್ನ ಕಸುಬು. ಈಗಿನ ಹುಡುಗ ಹುಡುಗಿಯರಿಗೆ ಈ ಮೆರವಣಿಗೆ ಬೇಕಾಗಿಲ್ಲ. ಸಾಮಾನು ಬೇಡ, ಅನುಭವ ಕೊಡಿ ಎನ್ನುತ್ತಾರೆ. ಮದುವೆ ಗೊತ್ತಾದ ಜೋಡಿ ಹಿಟ್ಟಿನ ಗಿರಣಿಯ ಮಹಡಿ ಮೇಲಿರುವ ನನ್ನ ಕೋಣೆಗೆ ಬಂದು ಕೂರುತ್ತದೆ. ಏನೇನು ಅನುಭವ ಬೇಕೆಂದು ನಾನು ಕೇಳಿ ಬರೆದು, ಪಟ್ಟಿಯನ್ನು ಮೆಟ್ಟಿಲ ಬಳಿ ತೂಗುಹಾಕುತ್ತೇನೆ. ನೆಂಟರಿಷ್ಟರು ಬಂದು ತಮಗೆ ಸರಿಕಂಡದ್ದರ ಮುಂದೆ ಹೆಸರು ಬರೆದು, ಮೈಮೇಲೆ ಒಂದಿಷ್ಟು ಹಿಟ್ಟು ಹಾರಿಸಿಕೊಂಡು ಹೋಗುತ್ತಾರೆ. ಅನುಭವಕ್ಕೆ ಕಾಲಿಲ್ಲ, ಹಿಂದೆ ಬರುವುದಿಲ್ಲ. ಅದಕ್ಕೇ ಅದಕ್ಕೆ ಇಷ್ಟು ಗಿರಾಕಿ.

ಸುಲಭದ ಕೆಲಸ ಎಂದುಕೊಳ್ಳಬೇಡಿ. ಜೊತೆಯಲ್ಲಿ ಕೂರಿಸಿ ಕೇಳಿದರೆ ಇಬ್ಬರೂ ಬೆಟ್ಟ, ಸಮುದ್ರ, ಜಲಪಾತ ಎನ್ನುತ್ತಾರೆ. ಒಬ್ಬೊಬ್ಬರನ್ನೇ ಕೇಳಿದರೆ ಹುಡುಗನಿಗೆ ಈಜು ಕಲಿಯಬೇಕು, ಹುಡುಗಿಗೆ ಒಂದು ದಿನ ಯಾರೂ ಎಬ್ಬಿಸದೆ ಹತ್ತು ಗಂಟೆಯ ತನಕ ಮಲಗಬೇಕು. ಕೊಡುವವರೋ, ತಮಗೆ ಸಲೀಸಾದದ್ದನ್ನೇ ಹುಡುಕುತ್ತಾರೆ. ಒಂದು ಮದುವೆಯಲ್ಲಿ ಕಬ್ಬಿನ ಹಾಲು ಕುಡಿಸುವುದು ಎಂದು ನಾನು ಮೈಮರೆತು ಬರೆದೆ. ಹದಿನಾಲ್ಕು ಜನ ಅದಕ್ಕೇ ಹೆಸರು ಹಾಕಿದರು. ಆ ಜೋಡಿ ಆ ಬೇಸಿಗೆಯೆಲ್ಲ ಕುಡಿದು ಕುಡಿದು, ಕೊನೆಗೆ ಕಬ್ಬಿನ ಗಾಡಿಯ ಗಂಟೆ ಕೇಳಿದರೆ ಅಡ್ಡದಾರಿ ಹಿಡಿಯುತ್ತಿತ್ತು. ಇನ್ನೊಬ್ಬಳು ಜಾಣ ಹುಡುಗಿ, ಒಂದು ವರ್ಷ ಯಾರೂ 'ಏನಾದರೂ ವಿಶೇಷವಾ' ಎಂದು ಕೇಳದಿರುವುದು ಎಂದು ಬರೆಸಿದಳು. ಅವರ ಬೀದಿಯ ಹೆಂಗಸರು ಏಳು ಜನ ಸೇರಿ ಅದನ್ನು ಕೊಡುತ್ತೇವೆಂದು ಒಪ್ಪಿಕೊಂಡರು. ಹದಿನೇಳು ದಿನ ಹಲ್ಲು ಕಚ್ಚಿಕೊಂಡಿದ್ದರು. ಹದಿನೆಂಟನೆಯ ದಿನ ಅವರಲ್ಲಿ ಒಬ್ಬಾಕೆ ನನ್ನ ಹತ್ತಿರ ಬಂದು, ಬೇಕಾದರೆ ಒಂದು ಫ್ರಿಜ್ ಕೊಡುತ್ತೇನೆ, ಈ ಅನುಭವ ವಾಪಸ್ಸು ತಗೊಳ್ಳಿ ಎಂದು ಅಂಗಲಾಚಿದಳು. ಹಳಬರಿಗೆ ಬರಿಗೈಯಲ್ಲಿ ಮಂಟಪ ಹತ್ತಲು ನಾಚಿಕೆ, ಫೋಟೋದಲ್ಲಿ ಕೈಯಲ್ಲಿ ಏನಾದರೂ ಇರಬೇಕು. ಅದಕ್ಕೆಂದು ನಾನೇ ಬಣ್ಣದ ಕಾಗದ ಸುತ್ತಿದ ಒಂದು ಖಾಲಿ ಡಬ್ಬ ಇಟ್ಟುಕೊಂಡಿದ್ದೇನೆ. ಅದನ್ನು ಹಿಡಿದು ಫೋಟೋ ತೆಗೆಸಿಕೊಂಡು, ಯಾರ ಕೈಗೂ ಕೊಡದೆ ಇಳಿದು ಬಂದು ಮುಂದಿನವರಿಗೆ ದಾಟಿಸುತ್ತಾರೆ.

ಹೀಗೆ ಊರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗುತ್ತಿದ್ದವನ ಮಗಳ ಮದುವೆಯೂ ಬಂತು. ಶಾಂಭವಿ ನಮಗೆ ಒಬ್ಬಳೇ ಮಗಳು. ಹುಡುಗ ಯೋಗೀಶ, ನಮ್ಮ ಹೊಳೆಯಲ್ಲಿ ದೋಣಿ ನಡೆಸುತ್ತಾನೆ. ಮೇಲಿನ ಊರುಗಳಿಂದ ಹಿಡಿದು ಹೊಳೆ ಸಮುದ್ರ ಸೇರುವ ತನಕ ಜನರನ್ನೂ ಅಂಚೆಯನ್ನೂ ಒಯ್ಯುವ ದೋಣಿ. ಒಂದು ಸುತ್ತು ಮುಗಿಸಿ ಬರಲು ಹತ್ತು ಹನ್ನೆರಡು ದಿನ. ಮದುವೆಯಾದ ಮೇಲೆ ಇಬ್ಬರೂ ಅದರ ಮೇಲಿನ ಪುಟ್ಟ ಕೋಣೆಯಲ್ಲೇ ಇರುವುದೆಂದು ಮಾತಾಗಿತ್ತು. ಹುಡುಗ ಬಹಳ ಒಳ್ಳೆಯವನು, ಆದರೆ ಭಾರದ ವಿಷಯಕ್ಕೆ ಬಂದರೆ ಮುಖ ಬಿಳಿಚಿಕೊಳ್ಳುತ್ತದೆ. ಅದಕ್ಕೆ ಕಾರಣವುಂಟು. ಅವರಪ್ಪ ಅಮ್ಮನಿಗೆ ಮದುವೆಯಲ್ಲಿ ಯಾರೋ ಪುಣ್ಯಾತ್ಮರು ರುಬ್ಬುವ ಕಲ್ಲು ಕೊಟ್ಟಿದ್ದರು. ಸಾಮಾನುಗಳು ಬೇರೆ ಕಡೆ ಹೇಗೋ, ಹೊಳೆಯ ದಡದಲ್ಲಿ ನಿಲ್ಲುವುದಿಲ್ಲ, ಹಿಂದೆಯೇ ದೋಣಿ ಹತ್ತುತ್ತವೆ. ಆ ಕಲ್ಲು ಹತ್ತಿದ ಮೊದಲ ದಿನವೇ ದೋಣಿ ಜನರ ಸಮೇತ ಸೊಂಟದ ಮಟ್ಟದ ನೀರಿನಲ್ಲಿ ಕೂತುಬಿಟ್ಟಿತಂತೆ. ಜನ ನಡೆದುಕೊಂಡು ದಡ ಸೇರಿದರು. ಕಲ್ಲೂ ನಡೆದುಕೊಂಡೇ ಬಂತು. ದೋಣಿ ಮಾತ್ರ ಬರಲಿಲ್ಲ.

"ಮಾವ, ಒಂದು ತಂಬಿಗೆ ಬಂದ್ರೂ ಯೋಚನೆ ಮಾಡ್ಬೇಕಾಗತ್ತೆ. ಸಾಮಾನು ಮಾತ್ರ ಬೇಡ," ಎಂದು ಅವನು ನನ್ನ ಕೈ ಹಿಡಿದುಕೊಂಡು ಹೇಳಿದ. ನನ್ನ ಹತ್ತಿರ ಅದೆಲ್ಲ ಹೇಳಬೇಕಾ, ಈ ಕೆಲಸದಲ್ಲಿ ನಾನು ಹಣ್ಣಾಗಿದ್ದೇನೆ ಎಂದು ಅವನ ಬೆನ್ನು ತಟ್ಟಿದೆ. ಮಗಳ ಪಟ್ಟಿಯನ್ನು ನಾಲ್ಕು ಸಲ ತಿದ್ದಿ ಬರೆದೆ. ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ, ನಾಟಕ ಕಂಪನಿಯ ಮುಂದಿನ ಸಾಲಿನ ಎರಡು ಕುರ್ಚಿ, ಗಾಳಿಪಟ ಕಟ್ಟುವುದನ್ನು ಕಲಿಸುವುದು, ದೋಣಿಯವರಿಗೆ ಒಂದು ದಿನ ಅಡುಗೆಗೆ ರಜೆ ಕೊಟ್ಟು ಬಡಿಸುವುದು, ಹೀಗೆ ಮೂವತ್ತೆರಡು. ಹದಿನೈದು ದಿನದಲ್ಲಿ ಮೂವತ್ತೊಂದಕ್ಕೆ ಹೆಸರು ಬಿತ್ತು. ಅಡುಗೆಯದೊಂದು ಉಳಿಯಿತು, ದೋಣಿಯಲ್ಲಿ ಒಲೆ ಹಚ್ಚುವುದಕ್ಕೆ ಯಾರಿಗೂ ಧೈರ್ಯವಿರಲಿಲ್ಲ. ನಾನು ನನ್ನ ಬೆನ್ನನ್ನೇ ತಟ್ಟಿಕೊಳ್ಳುವಷ್ಟು ಖುಷಿಯಲ್ಲಿದ್ದೆ. ಆಗ ಚಂಪಕ್ಕ ಹೇಳಿಕಳಿಸಿದಳು: "ಬೀರಿಗೆ ಬಣ್ಣ ಹೊಡೆಸಿದ್ದೀನಿ. ಮದುವೆ ದಿನ ಗಾಡಿ ಕಳಿಸು."

ಚಂಪಕ್ಕ ಎಂದರೆ ನನ್ನ ಅಕ್ಕ ಚಂಪಾವತಿ, ಶಾಂಭವಿಯ ಸೋದರತ್ತೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರಾಗಿ ರಿಟೈರಾದವಳು. ಮದುವೆಯಾಗಲಿಲ್ಲ. ನಮ್ಮಮ್ಮ ಹಾಸಿಗೆ ಹಿಡಿದಳು, ನಾನು ಓದುತ್ತಿದ್ದೆ, ಆಮೇಲೆ ಆಗಲಿ ಆಮೇಲೆ ಆಗಲಿ ಎಂದು ಹದಿನೈದು ವರ್ಷ ಹೋಯಿತು. ಇಷ್ಟೆಲ್ಲ ಸದ್ದಿರುವ ಊರಿನಲ್ಲಿ ಅವಳ ಹಿಂದೆ ಒಂದು ಚಮಚವೂ ಬರುವುದಿಲ್ಲ. ಅಂಗಡಿಯ ಮುಂದೆ ಹೋಗಿ ನಿಂತರೆ ಶೆಟ್ಟರು ತಲೆ ಎತ್ತುವುದಿಲ್ಲ, ಯಾರೋ ಬಂದ ಸದ್ದೇ ಆಗಿರುವುದಿಲ್ಲವಲ್ಲ. ಬಸ್ಸಿನಲ್ಲಿ ಕಂಡಕ್ಟರು ಅವಳನ್ನು ಮಾತ್ರ ಸಾಮಾನೆಷ್ಟು ಎಂದು ಕೇಳುವುದಿಲ್ಲ. ಅದಕ್ಕೇ ಅವಳು ಮಳೆ ಇರಲಿ ಬಿಡಲಿ, ಒಂದು ಉದ್ದ ಛತ್ರಿ ಹಿಡಿದು, ಅದರ ತುದಿಯನ್ನು ನೆಲಕ್ಕೆ ಟಕ್ ಟಕ್ ಎಂದು ಕುಟ್ಟುತ್ತ ನಡೆಯುವುದು. ಕಾಲು ನೋವು ಎಂದು ಜನ ತಿಳಿದಿದ್ದಾರೆ. ಅವಳ ಕಾಲು ನನ್ನ ಕಾಲಿಗಿಂತ ಗಟ್ಟಿಯಾಗಿದೆ.

ಆ ಬೀರು ಶಾಂಭವಿ ಹುಟ್ಟಿದ ವಾರದಲ್ಲಿ ಅವಳು ಮಾಡಿಸಿದ್ದು. ಆಳೆತ್ತರದ ಕಬ್ಬಿಣದ ಬೀರು, ಹಸಿರು ಬಣ್ಣ, ಬಾಗಿಲಿಗೆ ಕನ್ನಡಿ. ಒಳಬಾಗಿಲ ಮೇಲೆ 'ಚಿ. ಸೌ. ಶಾಂಭವಿ' ಎಂದು ಬಿಳಿ ಅಕ್ಷರದಲ್ಲಿ ಬರೆಸಿದ್ದಾಳೆ. ಇಪ್ಪತ್ನಾಲ್ಕು ವರ್ಷ ಅದು ಅವಳ ನಡುಮನೆಯಲ್ಲಿ ಖಾಲಿ ನಿಂತಿದೆ. ತನ್ನ ಸೀರೆಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಮಡಿಚಿಟ್ಟುಕೊಳ್ಳುತ್ತಾಳೆಯೇ ಹೊರತು ಅದರಲ್ಲಿ ಒಂದು ಕರವಸ್ತ್ರ ಇಟ್ಟಿಲ್ಲ. ಆರು ಜನ ಸೇರಿದರೆ ಅಲ್ಲಾಡುತ್ತದೆ, ಅಷ್ಟು ತೂಕ. ಅದು ದೋಣಿ ಹತ್ತಿದರೆ ಏನಾಗುತ್ತದೆಂದು ಊಹಿಸಿಕೊಂಡು ನನಗೆ ಅನ್ನ ಸೇರದಾಯಿತು.

ಹಾಗಾದರೆ ಬೇಡವೆಂದು ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ನನ್ನನ್ನು ಎತ್ತಿ ಆಡಿಸಿದವಳು ಅವಳು, ಮೂಗು ಒರೆಸಿದವಳು ಅವಳು. ಐವತ್ತೈದು ವರ್ಷದವನಾದ ನಾನು ಈಗಲೂ ಅವಳ ಎದುರು ನಿಂತರೆ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಆದರೂ ಪಟ್ಟಿ ಸುತ್ತಿಕೊಂಡು ಹೋದೆ. ಅವಳು ಕನ್ನಡಕ ಹಾಕಿಕೊಂಡು ಮೂವತ್ತೆರಡನ್ನೂ ಓದಿದಳು. ಓದಿ, ಇದರಲ್ಲಿ ಉಡುಗೊರೆ ಎಲ್ಲಿದೆ, ಬರೀ ತಿರುಗಾಟ ಇದೆ ಎಂದಳು. ನಾನು ಒಂದು ಉಪಾಯ ಮಾಡಿಕೊಂಡೇ ಹೋಗಿದ್ದೆ. ಬೀರು ನಿನ್ನ ಮನೆಯಲ್ಲೇ ಇರಲಿ, ಮಗಳು ಬಂದಾಗಲೆಲ್ಲ ಅದನ್ನು ತೆಗೆದು ನೋಡಲಿ, 'ಬೀರು ತೆಗೆದು ನೋಡುವ ಅನುಭವ' ಎಂದು ಮೂವತ್ತಮೂರನೆಯದಾಗಿ ಸೇರಿಸುತ್ತೇನೆ ಎಂದೆ. ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. ನಾಲ್ಕನೆಯ ಕ್ಲಾಸಿನಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದಾಗ ನೋಡಿದ್ದಳಲ್ಲ, ಅದೇ ನೋಟ. ನಾನು ದೋಣಿಯ ವಿಷಯ ಹೇಳಿದೆ, ರುಬ್ಬುವ ಕಲ್ಲಿನ ವಿಷಯ ಹೇಳಿದೆ. ಅವಳು ಛತ್ರಿಯ ಹಿಡಿಯನ್ನು ತಿರುಗಿಸಿದಳು.

"ನಿನ್ನ ಮನೇಲಿ ಒಂದು ಗಡಿಯಾರ ನಿಂತ್ರೆ ಯಾರು ಹೋದ್ರು ಅಂತ ನಿಂಗೆ ಗೊತ್ತಾಗತ್ತೆ ಕಿಟ್ಟಿ," ಎಂದಳು. "ನನ್ನ ಹಿಂದೆ ಯಾವ್ದೂ ಇಲ್ಲ. ಯಾರಿದ್ದಾರೆ, ಯಾರಿಲ್ಲ, ಎಲ್ಲಾ ಇನ್ನೊಬ್ರು ಹೇಳಿದ ಮೇಲೇ ನಂಗೆ ಗೊತ್ತಾಗೋದು. ಈಗ ಆ ಮಗು ಹೊಳೆ ಮೇಲೆ ಹೋಗತ್ತೆ. ಅದು ಹೇಗಿದೆ ಅಂತ ನಂಗಂತೂ ಗೊತ್ತಾಗಲ್ಲ. ನಾನಿದ್ದೀನಿ ಅಂತ ಅದಕ್ಕಾದ್ರೂ ಗೊತ್ತಿರಲಿ ಅಂತ ಕಣೋ. ಇನ್ನೇನೂ ಇಲ್ಲ."

ಪಟ್ಟಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಎದ್ದು ಬಂದೆ. ದಾರಿಯಲ್ಲಿ ನನ್ನ ಹಿಂದೆ ಹಾಲಿನ ಪಾತ್ರೆ ಢಣ ಢಣ ಎನ್ನುತ್ತಿತ್ತು. ಮೂವತ್ತು ವರ್ಷ ಅದರ ಸದ್ದಿಗೆ ಬೈದುಕೊಂಡೇ ನಡೆದಿದ್ದೇನೆ. ಆವತ್ತು ಬೈಯಲು ಬಾಯಿ ಬರಲಿಲ್ಲ.

ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಪಂಕಜ ಕಣ್ಣೊರೆಸಿಕೊಂಡಳು, ಆಮೇಲೆ ಬೀರಿಗಿಂತ ದೊಡ್ಡ ದೋಣಿ ಎಲ್ಲಾದರೂ ಸಿಗುತ್ತದೆಯೇ ಎಂದು ಕೇಳಿದಳು. ಶಾಂಭವಿ ಹೂವು ಕಟ್ಟುತ್ತಿದ್ದಳು. ಕಟ್ಟಿ ಮುಗಿಸಿದ ಮೇಲೆ, "ಅತ್ತೆ ಬೀರು ತರ್ಲಿ ಬಿಡಿ ಅಪ್ಪ," ಎಂದಳು. ಅಮ್ಮ ತಾಯಿ, ನಿನ್ನ ಗಂಡನಾಗುವವನಿಗೆ ಏನು ಹೇಳಲಿ ಎಂದು ಕೇಳಿದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದಳು. ಮಾರನೆಯ ದಿನ ಮಧ್ಯಾಹ್ನ ಅತ್ತೆಯ ಮನೆಗೆ ಹೋಗಿ, ಬೀರನ್ನು ತೆಗೆದು ನೋಡಿ, ಬೀಗದ ಕೈ ನನ್ನ ಹತ್ತಿರವೇ ಇರಲಿ ಎಂದು ಕೇಳಿ ಇಸಿದುಕೊಂಡು ಬಂದಳಂತೆ. ಚಂಪಕ್ಕ ಬೀದಿಯಲ್ಲಿ ಕಂಡವರಿಗೆಲ್ಲ ಅದನ್ನು ಹೇಳಿದಳು. ಯೋಗೀಶನ ಕಿವಿಗೂ ಬಿತ್ತು. ಅವನು ಅಳತೆಯ ಟೇಪು ಹಿಡಿದು ಓಡಿ ಬಂದ. ಶಾಂಭವಿ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಏನು ಹೇಳಿದಳೋ, ಅವನು ಬಂದ ಹಾಗೇ ಟೇಪು ಸುತ್ತಿಕೊಂಡು ಹೋದ. ಆದರೆ ಮುಖಕ್ಕೆ ಬಣ್ಣ ಪೂರ್ತಿ ಬಂದಿರಲಿಲ್ಲ.

ಮದುವೆಯ ದಿನ ಬೀರು ಎತ್ತಿನ ಗಾಡಿಯಲ್ಲಿ ಬಂತು. ಎಂಟು ಜನ ಹೊತ್ತು ಮಂಟಪದ ಪಕ್ಕ ನಿಲ್ಲಿಸಿದರು. ಸಾಮಾನೇ ಇಲ್ಲದ ಮದುವೆ ಎಂದು ನಾನು ಊರಿಗೆಲ್ಲ ಡಂಗುರ ಹೊಡೆದಿದ್ದೆನಲ್ಲ, ನನ್ನ ಹಳೆಯ ಗಿರಾಕಿಗಳೆಲ್ಲ ಬೀರನ್ನೊಮ್ಮೆ ನನ್ನನ್ನೊಮ್ಮೆ ನೋಡಿ ನಕ್ಕರು. ಕಬ್ಬಿನ ಹಾಲಿನ ಜೋಡಿಗೆ ಎಲ್ಲರಿಗಿಂತ ಹೆಚ್ಚು ಸಂತೋಷವಾಗಿತ್ತು. ತಾಳಿ ಕಟ್ಟಿದ್ದಾಯಿತು, ಅಕ್ಷತೆ ಹಾಕಿದ್ದಾಯಿತು. ಜನ ಒಬ್ಬೊಬ್ಬರಾಗಿ ಖಾಲಿ ಡಬ್ಬ ಹಿಡಿದು ಫೋಟೋ ತೆಗೆಸಿಕೊಂಡು ಇಳಿದರು. ಕೊನೆಗೆ ಚಂಪಕ್ಕ ರೇಷ್ಮೆ ಸೀರೆ ಉಟ್ಟು, ಛತ್ರಿ ಕುಟ್ಟುತ್ತ ಮಂಟಪ ಹತ್ತಿದಳು. ಯೋಗೀಶನ ಪೇಟದ ಕೆಳಗಿನಿಂದ ಬೆವರು ಇಳಿಯುತ್ತಿತ್ತು.

"ಕೀ ಕೊಡು ಮಗು, ಶಾಸ್ತ್ರಕ್ಕೆ ನಾನು ಕೈಯಾರೆ ಕೊಡ್ತೀನಿ," ಎಂದು ಚಂಪಕ್ಕ ಕೈ ಚಾಚಿದಳು. ಶಾಂಭವಿ ಸೊಂಟದಿಂದ ಬೀಗದ ಕೈ ತೆಗೆದಳು. ಯೋಗೀಶನ ಕೈಯನ್ನೂ ತನ್ನ ಕೈಗೆ ತಾಗಿಸಿಕೊಂಡು, ಅದನ್ನು ಅತ್ತೆಯ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು.

"ಅತ್ತೆ, ಇದ್ರ ಮೇಲೆ ನನ್ನ ಹೆಸರಿದೆ. ನಾನು ಹುಟ್ಟಿದಾಗ್ಲೇ ನೀವು ಕೊಟ್ಟಾಯ್ತು. ನನ್ನದನ್ನ ಈಗ ನಾವಿಬ್ರೂ ನಿಮಗೆ ಕೊಡ್ತಿದ್ದೀವಿ. ತಗೊಳ್ಳಿ."

ಮಂಟಪದಲ್ಲಿ ಗಂಡು ಹೆಣ್ಣು ತೆಗೆದುಕೊಳ್ಳುವುದನ್ನು ನಾವು ನೋಡಿದ್ದೆವೇ ಹೊರತು ಕೊಡುವುದನ್ನು ನೋಡಿರಲಿಲ್ಲ. ಪುರೋಹಿತರು ಬಾಯಿಯಲ್ಲಿದ್ದ ಮಂತ್ರ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಪಂಕಜಳ ಮುಖ ನೋಡಿದೆ. ಚಂಪಕ್ಕನಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅವಳ ಮುಖ ಕೆಂಪಗಾಯಿತು.

"ನಾನು ತಂದಿದ್ದನ್ನ ನನ್ನ ಮುಖಕ್ಕೇ ವಾಪಸ್ಸು ಕೊಡ್ತೀಯಾ?" ಎಂದಳು. ಜೋರಾಗಿ ಹೇಳಲಿಲ್ಲ, ಆದರೆ ಹಿಂದಿನ ಸಾಲಿನ ತನಕ ಕೇಳಿಸಿತು. ಬೀಗದ ಕೈ ಮುಷ್ಟಿಯಲ್ಲಿ ಹಾಗೇ ಇತ್ತು. ಎಲ್ಲಿ ಇಡಬೇಕೆಂದೂ ತೋಚದವಳ ಹಾಗೆ ಅದನ್ನು ಹಿಡಿದುಕೊಂಡೇ ಮಂಟಪ ಇಳಿದು, ಊಟ ಮಾಡದೆ, ಯಾರ ಕಡೆಯೂ ನೋಡದೆ ಛತ್ರದಿಂದ ಹೊರಟುಬಿಟ್ಟಳು. ಟಕ್ ಟಕ್ ಟಕ್ ಎಂದು ಛತ್ರಿಯ ಸದ್ದು ಬೀದಿಯಲ್ಲಿ ದೂರವಾಯಿತು. ಮಗಳ ಮೇಲೆ ಜೀವಮಾನದಲ್ಲಿ ಕೈ ಎತ್ತದವನು ಆವತ್ತು ಅವಳ ಕಡೆ ಎರಡು ಹೆಜ್ಜೆ ಇಟ್ಟೆ. ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಧಡ್ ಎಂದಿತು.

ಬೀರು ಒಂದು ಮೂಲೆ ಎತ್ತಿ ಇಟ್ಟಿತ್ತು. ಆಮೇಲೆ ಇನ್ನೊಂದು ಮೂಲೆ. ಹೊಸದಾಗಿ ನಡೆಯಲು ಕಲಿತ ಕೂಸಿನ ಹಾಗೆ ಅತ್ತ ವಾಲಿ ಇತ್ತ ವಾಲಿ, ಕುರ್ಚಿಗಳನ್ನು ಸರಿಸಿಕೊಂಡು, ವಾದ್ಯದವರನ್ನು ಗೋಡೆಗೆ ಒತ್ತರಿಸಿ, ಬಾಗಿಲ ಬಾಳೆಕಂಬ ಒಂದನ್ನು ಮುರಿದುಕೊಂಡು ಬೀದಿಗೆ ಇಳಿಯಿತು. ನಾವೆಲ್ಲ ಅದರ ಹಿಂದೆ ಓಡಿದೆವು. ಬೀದಿಯ ತಿರುವಿನಲ್ಲಿ, ನಲ್ಲಿಕಟ್ಟೆಯ ಆಚೆ, ಚಂಪಕ್ಕ ನಿಂತಿದ್ದಳು. ತಿರುಗಿ ನೋಡಿರಲಿಲ್ಲ. ಬೆನ್ನು ನಮ್ಮ ಕಡೆಗಿತ್ತು, ಛತ್ರಿ ನೆಲ ಮುಟ್ಟದೆ ಗಾಳಿಯಲ್ಲಿ ನಿಂತಿತ್ತು. ಹಿಂದೆ ಬರುವ ಸದ್ದು ತನ್ನದೇ ಎಂದು ಅವಳು ಹೇಗೆ ನಂಬಬೇಕು, ಅರವತ್ತಮೂರು ವರ್ಷ ಬೇರೆಯವರ ಸದ್ದನ್ನೇ ಕೇಳಿದವಳು. ಬೀರು ಅವಳಿಂದ ಎರಡು ಮಾರು ದೂರದಲ್ಲಿ ನಿಂತಿತು. ಅವಳು ಒಂದು ಹೆಜ್ಜೆ ಇಟ್ಟಳು. ಧಡ್. ಇನ್ನೊಂದು ಹೆಜ್ಜೆ. ಧಡ್. ಆಗ ತಿರುಗಿದಳು. ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿದಳು.

ಶಾಂಭವಿ ಬಾಸಿಂಗ ಓರೆಯಾಗಿಸಿಕೊಂಡು ಓಡಿ ಬಂದು ಅವಳನ್ನು ತಬ್ಬಿಕೊಂಡಳು. "ನಾನಿರೋ ತನಕ ಇದು ನಡಿಯತ್ತೆ ಅತ್ತೆ. ನಾನು ಹೇಗಿದ್ದೀನಿ ಅಂತ ಇನ್ಮೇಲೆ ಯಾರನ್ನೂ ಕೇಳ್ಬೇಡಿ," ಎಂದಳು. ಚಂಪಕ್ಕ ಅತ್ತಳು. ಅಷ್ಟು ಹೊತ್ತಿಗೆ ನಾನೂ ಅಳುತ್ತಿದ್ದೆ, ಅದನ್ನು ಮುಚ್ಚಿಡುವುದೇನಿದೆ. ಯೋಗೀಶ ಮಾತ್ರ ಬೀರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಅದು ತನ್ನ ಕಡೆ ತಿರುಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಅತ್ತ.

ಚಂಪಕ್ಕ ಮೂಗು ಒರೆಸಿಕೊಂಡು, ನನಗೆ ಊಟ ಆಗಿಲ್ಲ ಎಂದಳು. ವಾಪಸ್ಸು ಬಂದು ಎರಡು ಸಲ ಹೋಳಿಗೆ ಹಾಕಿಸಿಕೊಂಡಳು. ಅವಳ ಮನೆ ಛತ್ರದಿಂದ ಐದು ನಿಮಿಷದ ದಾರಿ. ಆವತ್ತು ಅವಳು ಹೊರಟದ್ದು ಮಾರ್ಕೆಟ್ಟಿನ ಕಡೆಗೆ, ಅಲ್ಲಿಂದ ಬಸ್ ಸ್ಟ್ಯಾಂಡು, ಅಲ್ಲಿಂದ ಶಾಲೆಯ ಬೀದಿ, ಅಲ್ಲಿಂದ ಮತ್ತೆ ಮಾರ್ಕೆಟ್ಟು. ಶೆಟ್ಟರು ಅಂಗಡಿಯಿಂದ ಎದ್ದು ನಿಂತು ಏನು ಬೇಕಮ್ಮ ಎಂದು ಕೇಳಿದರಂತೆ. ಏನೂ ಬೇಡ, ಹೀಗೇ ಬಂದೆ ಎಂದಳಂತೆ. ಛತ್ರಿಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು.

ಅವಳು ಇನ್ನು ದೋಣಿ ಹತ್ತುವ ಹಾಗಿಲ್ಲ ಎಂಬುದು ನನಗೆ ಹೊಳೆದದ್ದು ಎರಡು ದಿನದ ಮೇಲೆ. ಅದನ್ನು ಹೇಳಿದರೆ, ನೀರು ಕಂಡರೆ ನನಗೆ ಮೊದಲೇ ಆಗದು ಎಂದಳು. ಗಿರಣಿಯ ಮಹಡಿಗೆ ಬಂದು, ಬೀರನ್ನು ಕೆಳಗೆ ನಿಲ್ಲಿಸಿ, ಪಟ್ಟಿಯಲ್ಲಿ ಉಳಿದಿದ್ದ ಅಡುಗೆಯ ಸಾಲಿನ ಮುಂದೆ ತನ್ನ ಹೆಸರು ಬರೆದಳು. ಒಂದು ದಿನ ಎಂದಿದ್ದನ್ನು ಹೊಡೆದುಹಾಕಿ, ದಡಕ್ಕೆ ಬಂದಾಗಲೆಲ್ಲ ಎಂದು ತಿದ್ದಿದಳು. ಇದು ನಿಯಮಕ್ಕೆ ವಿರುದ್ಧ ಎಂದೆ. ಸುಮ್ಮನಿರೋ ಎಂದಳು. ಈಗ ದೋಣಿ ಬರುವ ದಿನ ಹೊಳೆಯ ದಡದಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಾಳೆ, ಬೀರು ಬಿಸಿಲಿಗೆ ಅಡ್ಡ ನಿಂತಿರುತ್ತದೆ. ಅದರ ತುಂಬ ಈಗ ಸೀರೆಗಳಿವೆ.

ನನ್ನ ಕೋಣೆಗೆ ಬರುವ ಜೋಡಿಗಳು ಈಗ ಹೊಸ ಪ್ರಶ್ನೆ ಕೇಳುತ್ತಾರೆ. ಮಂಟಪದಲ್ಲಿ ನಾವು ಯಾರಿಗಾದರೂ ಏನಾದರೂ ಕೊಡಬಹುದೇ ಎಂದು. ಚಿಕ್ಕದಾದದ್ದು ಕೊಡಿ, ಒಂದು ಲೋಟವೋ ಒಂದು ಕುಂಕುಮದ ಭರಣಿಯೋ, ಎಲ್ಲರೂ ನಮ್ಮಕ್ಕನಷ್ಟು ಗಟ್ಟಿಗರಲ್ಲ ಎಂದು ಬುದ್ಧಿ ಹೇಳಿ ಕಳಿಸುತ್ತೇನೆ.

ಈ ಸಲದ ಮಳೆಗಾಲದಲ್ಲಿ ಹೊಳೆ ದಡ ಮೀರಿ ಹರಿಯಿತು. ದೋಣಿ ಕೆಳಗಿನ ಊರುಗಳ ಕಡೆ ಹೋಗಿ ಹದಿನಾರು ದಿನವಾಗಿತ್ತು. ಸೇತುವೆ ಮುಳುಗಿತ್ತು, ಅಂಚೆ ಇಲ್ಲ, ಟೆಲಿಫೋನು ತಂತಿ ಕಡಿದಿತ್ತು. ಅಂಚೆಯವನು ಬರಿಗೈಯಲ್ಲಿ ಬೀದಿಯಲ್ಲಿ ಕಂಡರೂ ನಾನು ಒಳಗೆ ಹೋಗಿ ಕೂರುತ್ತಿದ್ದೆ. ಪಂಕಜ ಎರಡು ದಿನದಿಂದ ಒಲೆ ಹಚ್ಚಿರಲಿಲ್ಲ, ನಿಂತ ನಾಲ್ಕು ಗಡಿಯಾರಗಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದಳು. ಚಂಪಕ್ಕನ ಮನೆಗೆ ಹೋಗಿ ನೋಡಿಬರೋಣವೆಂದರೆ ನಮ್ಮಿಬ್ಬರಿಗೂ ಕಾಲು ಏಳಲಿಲ್ಲ. ಹೋಗಿ ಕಾಣಬಾರದ್ದನ್ನು ಕಂಡರೆ ಎಂದು.

ಹದಿನೇಳನೆಯ ದಿನ ಬೆಳಿಗ್ಗೆ, ಸುರಿಯುವ ಮಳೆಯ ನಡುವೆ, ಬೀದಿಯ ಕೊನೆಯಲ್ಲಿ ಧಡ್ ಎಂದಿತು. ಪಂಕಜಳ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಇನ್ನೊಮ್ಮೆ ಧಡ್. ನಾವಿಬ್ಬರೂ ಬಾಗಿಲಿಗೆ ಹೋಗುವ ಹೊತ್ತಿಗೆ ಚಂಪಕ್ಕ ಮೊಣಕಾಲ ತನಕ ಕೆಸರಾಗಿ ಅಂಗಳಕ್ಕೆ ಬಂದಿದ್ದಳು. ಛತ್ರಿ ಬಿಚ್ಚಿತ್ತು, ಆದರೆ ಅದನ್ನು ಅವಳು ಹಿಡಿದಿದ್ದದ್ದು ತನ್ನ ತಲೆಯ ಮೇಲಲ್ಲ, ಹಿಂದಕ್ಕೆ ತೋಳು ಚಾಚಿ ಬೀರಿನ ಮೇಲೆ. ನಮ್ಮ ಮುಖಗಳನ್ನು ನೋಡಿ ಎಲ್ಲ ತಿಳಿದುಕೊಂಡಳು.

"ದಿನಾ ಬೆಳಿಗ್ಗೆ ತಿರುವಿನ ತನಕ ನಡೆಸಿ ನೋಡ್ತಿದ್ದೀನಿ ಕಣೋ, ಚೆನ್ನಾಗಿ ನಡೀತಿದೆ," ಎಂದಳು. "ನೀವಿಬ್ರೂ ಊಟ ಬಿಟ್ಟು ಕೂತಿರ್ತೀರಿ ಅಂತ ನಂಗೆ ಇವತ್ತು ಹೊಳೀತು. ಪಂಕಜ, ಒಲೆ ಹಚ್ಚು."